ಎರಡು ವ್ಯಾನು ತುಂಬ ಆಯಾಗಳು

ಎಸೆನ್‌ಕುಲ್ ಸುಳ್ಳು ಹೇಳುವ ಮನುಷ್ಯನಲ್ಲ. ಬೇಕಾದರೆ ಕಿರ್ಗಿಜರ ರಾಜಧಾನಿ ಬಿಷ್ಕೆಕ್ ನಗರದ ನೀರು ಸರಬರಾಜು ಕಚೇರಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಅವನದೇನಿದ್ದರೂ ಬಾಯಿ ಮುಂದೆ, ಯೋಚನೆ ಹಿಂದೆ. ಮಾತು ಹೊರಗೆ ಬಿದ್ದ ಮೇಲೆ ಅದನ್ನು ನಿಜ ಮಾಡುವುದಕ್ಕೆ ಪಾಪ ಹಗಲೂ ಇರುಳೂ ಒದ್ದಾಡುತ್ತಾನೆ. ಇಂಥವನನ್ನು ಸುಳ್ಳುಗಾರ ಅನ್ನುವುದು ಅನ್ಯಾಯ.

ಆ ಸೋಮವಾರ ಬಾಯಿ ಜಾರಿದ್ದು ಚಹಾದ ಹೊತ್ತಿಗೆ. ಪಕ್ಕದ ಮೇಜಿನ ತಲಾಂತ್ ಎರಡು ದಿನ ಬೆಟ್ಟಕ್ಕೆ ಹೋಗಿ ಹಿಮದ ಮೇಲೆ ಸ್ಕೀ ಮಾಡಿ ಬಂದಿದ್ದ. ಕನ್ನಡಕ ಹಾಕಿದ್ದ ಜಾಗ ಬಿಟ್ಟು ಮಿಕ್ಕ ಮುಖವೆಲ್ಲ ಬಿಸಿಲಿಗೆ ಕೆಂಪಾಗಿ, ಅದನ್ನೇ ಒಂದು ಪದಕದ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗುತ್ತಿದ್ದ. ಎಸೆನ್‌ಕುಲ್‌ನ ಹತ್ತಿರ ಬಂದಾಗ ಅವನ ದನಿಯಲ್ಲಿ ಒಂದು ಬಗೆಯ ಮರುಕ ಸೇರಿಕೊಂಡಿತು.

"ನಿಂಗೆ ಇದೆಲ್ಲ ಇನ್ನೂ ಆಗಲ್ಲ ಬಿಡಪ್ಪ. ಎರಡು ಪುಟ್ಟ ಮಕ್ಕಳು. ಅಷ್ಟು ದೂರ ಹೋಗಿ ಬೆಟ್ಟದ ಬುಡದಲ್ಲಿ ಮಕ್ಕಳ ಮೂಗು ಒರೆಸ್ತಾ ಕೂತ್ಕೊಳ್ಳೋದಕ್ಕಿಂತ ಮನೇಲೇ ಒರೆಸ್ಬಹುದು."

ಬೈದಿದ್ದರೆ ಎಸೆನ್‌ಕುಲ್ ನುಂಗಿಕೊಳ್ಳುತ್ತಿದ್ದ. ಮರುಕ ಅವನಿಗೆ ಆಗಿಬರುವುದಿಲ್ಲ.

"ಯಾರು ಹೇಳಿದ್ದು ಆಗಲ್ಲ ಅಂತ? ನಾವೂ ಹೋಗ್ತಿದೀವಿ. ಕರಾಕೋಲ್‌ಗೆ. ಮಕ್ಕಳ ಕೋಣೆ ಇರೋ ಕಡೆ ನೋಡಿದೀನಿ. ತರಬೇತಿ ಆಗಿರೋ ಆಯಾ ಇರ್ತಾಳೆ. ಅನಾರಾ ಬೆಳಿಗ್ಗೆ ಬೆಟ್ಟ ಹತ್ತಿದ್ರೆ ಸಂಜೆಗೇ ಇಳಿಯೋದು. ಮಕ್ಕಳ ಕಡೆ ತಿರುಗಿ ನೋಡೋ ಹಾಗೇ ಇಲ್ಲ."

ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದ. ಹೇಳುತ್ತಾ ಹೇಳುತ್ತಾ ತನಗೇ ನಂಬಿಕೆ ಬಂದು, ಆಯಾ ನೋಡಲು ಹೇಗಿರುತ್ತಾಳೆ ಎಂಬುದೂ ಕಣ್ಣಿಗೆ ಕಟ್ಟಿತು.

ಸಂಜೆ ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಸೇರಿತ್ತು. ತಲಾಂತ್ ತನ್ನ ಹೆಂಡತಿಗೆ ಹೇಳಿದ್ದ, ಅವಳು ಅನಾರಾಳಿಗೆ ಫೋನು ಮಾಡಿದ್ದಳು. ಎಸೆನ್‌ಕುಲ್ ಬಾಗಿಲು ತೆರೆದಾಗ ಅನಾರಾ ಸ್ಟೂಲಿನ ಮೇಲೆ ನಿಂತು ಬೀರುವಿನ ಮೇಲಿಂದ ತನ್ನ ಹಳೆಯ ಸ್ಕೀ ಬೂಟುಗಳನ್ನು ಇಳಿಸುತ್ತಿದ್ದಳು. ಮದುವೆಗೆ ಮುಂಚೆ ಅವಳು ಜಿಲ್ಲೆಯ ಸ್ಕೀ ತಂಡದಲ್ಲಿದ್ದವಳು. ಎಸೆನ್‌ಕುಲ್ ಅವಳನ್ನು ಮೊದಲ ಸಲ ನೋಡಿದ್ದೇ ಹಾಗೆ. ಅವಳು ಇಳಿದು ಬರುತ್ತಿದ್ದಳು, ಇವನು ಕೆಳಗೆ ಬೇಲಿ ಹಿಡಿದುಕೊಂಡು ನಡುಗುತ್ತಿದ್ದ. ಮಗಳು ಸೈಕಾಲ್ ಹುಟ್ಟಿದ ಮೇಲೆ ಬೂಟು ಬೀರುವಿನ ಮೇಲಕ್ಕೆ ಹೋಯಿತು. ಎರ್ಲಾನ್ ಹುಟ್ಟಿದ ಮೇಲೆ ಅದರ ಮೇಲೆ ಹಳೇ ತೊಟ್ಟಿಲ ಹಾಸಿಗೆ ಕೂತಿತು.

"ಎಸೆನ್, ನಿಜವಾಗ್ಲೂ ಹೇಳಿದ್ಯಾ?" ಅನಾರಾ ಸ್ಟೂಲಿನಿಂದ ಇಳಿಯದೆಯೇ ಕೇಳಿದಳು. "ಒಂದು ಇಡೀ ದಿನ? ಯಾರೂ ನನ್ನ ಲಂಗ ಹಿಡ್ಕೊಂಡು ಎಳೀದೇ ಇರೋ ಒಂದು ದಿನ?"

ಎಸೆನ್‌ಕುಲ್‌ಗೆ ಅಷ್ಟು ಹೊತ್ತಿಗೆ ನಿಜ ಹೇಳಿಬಿಡುವ ಉದ್ದೇಶವಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆದರೆ ಬೂಟಿನ ಧೂಳು ಒರೆಸುತ್ತಾ ನಿಂತ ಅವಳ ಮುಖ ನೋಡಿದ ಮೇಲೆ, ಅಂಥ ಮುಖಕ್ಕೆ ಇಲ್ಲ ಅನ್ನುವಷ್ಟು ಧೈರ್ಯ ತನ್ನ ವಂಶದಲ್ಲೇ ಯಾರಿಗೂ ಇಲ್ಲವೆಂದು ಅವನಿಗೆ ಮನವರಿಕೆಯಾಯಿತು.

"ಹೌದು. ಈ ಶನಿವಾರ," ಅಂದ.

ಮರುದಿನದಿಂದ ಎಸೆನ್‌ಕುಲ್ ಫೋನು ಹಿಡಿದು ಕೂತ. ಕರಾಕೋಲ್ ಬೆಟ್ಟದ ತಪ್ಪಲಿನಲ್ಲಿ ತಂಗುಮನೆಗಳಿಗೆ ಬರವಿಲ್ಲ. ಮೊದಲನೆಯವನು ಮಕ್ಕಳ ಕೋಣೆ ಇದೆ ಅಂದ.

"ಮಕ್ಕಳನ್ನ ಯಾರು ನೋಡ್ಕೋತಾರೆ?"

"ಟೀವಿ ಇದೆಯಲ್ಲ ಸ್ವಾಮಿ."

ಎರಡನೆಯ ಕಡೆ ಆಯಾ ಇದ್ದಳು, ಆದರೆ ಹೇಳಿದ ಮಾತು ಕೇಳುವಷ್ಟು ವಯಸ್ಸಾದ ಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದಳು. ಒಂದು ವರ್ಷದ ಎರ್ಲಾನ್ ಯಾರ ಮಾತನ್ನೂ ಕೇಳುವವನಲ್ಲ. ಮೂರನೆಯ ಕಡೆಯ ಆಯಾ ಹೋದ ವಾರ ಮದುವೆಯಾಗಿ ಗಂಡನ ಜೊತೆ ದೂರದ ಓಶ್‌ಗೆ ಹೋಗಿದ್ದಳು. ಮದುವೆಯ ಫೋಟೋ ಕಳಿಸಲೇ ಎಂದು ಆ ಮನೆಯವನು ತುಂಬ ಸಂತೋಷದಿಂದ ಕೇಳಿದ. ಕೊನೆಗೆ ರೈಸಾ ಪೆತ್ರೋವ್ನಾ ಎಂಬಾಕೆ ನಡೆಸುವ ತಂಗುಮನೆ ಸಿಕ್ಕಿತು. ಆಕೆ ದನಿಯಲ್ಲೇ ಕಟ್ಟುನಿಟ್ಟಿನ ಹೆಂಗಸು.

"ಕೋಣೆ ಇದೆ. ಒಲೆ ಇದೆ, ಪುಟ್ಟ ಕುರ್ಚಿಗಳಿವೆ, ಗೋಡೆ ಮೇಲೆ ಕರಡಿ ಬರೆಸಿದೀನಿ. ಮಕ್ಕಳ ಜೊತೆ ಕೂತ್ಕೊಳ್ಳೋದಕ್ಕೆ ಜನ ಮಾತ್ರ ನೀವೇ ಕರ್ಕೊಂಡು ಬರಬೇಕು."

ಜನ ಎಲ್ಲಿಂದ ತರುವುದು? ಎಸೆನ್‌ಕುಲ್‌ಗೆ ನೆನಪಾದದ್ದು ಕರಾಕೋಲ್‌ನಲ್ಲೇ ಇರುವ ಸೋದರತ್ತೆ ಉಲ್ಕಾನ್. ಆದರೆ ಅತ್ತೆಗೆ ಫೋನು ಮಾಡಿ, ಮಕ್ಕಳನ್ನು ನೋಡಿಕೊಳ್ಳಲು ಸಂಬಳದ ಹೆಂಗಸು ಬೇಕು ಎನ್ನುವುದೂ ಒಂದೇ, ಅತ್ತೆಯ ಮುಖಕ್ಕೆ ಬಾಗಿಲು ಹಾಕುವುದೂ ಒಂದೇ. ಬಂಧುಗಳಿರುವ ಊರಿನಲ್ಲಿ ದುಡ್ಡು ಕೊಟ್ಟು ಮಗುವನ್ನು ಅನ್ಯರ ಕೈಗೆ ಕೊಡುವುದೆಂದರೇನು? ಹಾಗೆಂದು ಅತ್ತೆಯನ್ನೇ ಬಾ ಎಂದರೆ ಅವರು ಒಬ್ಬರೇ ಬರುವ ಪೈಕಿಯಲ್ಲ. ಆದ್ದರಿಂದ ಎಸೆನ್‌ಕುಲ್ ತುಂಬ ಜಾಣತನದಿಂದ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಮಾತಾಡಿದ.

"ಅತ್ತೆ, ಚೆನ್ನಾಗಿದೀರಾ? ಮಾವ ಚೆನ್ನಾಗಿದಾರಾ? ಕುರಿ, ಹಸು ಎಲ್ಲ ಚೆನ್ನಾಗಿವೆಯಾ?"

"ಎಲ್ಲಾ ಚೆನ್ನಾಗಿವೆ ಕಣೋ. ಏನು ಸಮಾಚಾರ ಹೇಳು, ಕುರಿ ಬಗ್ಗೆ ಕೇಳೋಕೆ ಫೋನ್ ಮಾಡೋನಲ್ಲ ನೀನು."

"ಏನಿಲ್ಲ, ನಮ್ಮ ಎರ್ಲಾನ್ ಗೋಡೆ ಹಿಡ್ಕೊಂಡು ನಿಂತ್ಕೋತಾನೆ. ಇವತ್ತೋ ನಾಳೆಯೋ ಕೈ ಬಿಟ್ಟು ನಡೀತಾನೆ. ಶನಿವಾರ ನಿಮ್ಮೂರ ಬೆಟ್ಟಕ್ಕೆ, ರೈಸಾ ಪೆತ್ರೋವ್ನಾ ತಂಗುಮನೆಗೆ ಬರ್ತಿದೀವಿ. ಅಲ್ಲಿ ಯಾರಾದ್ರೂ ಒಳ್ಳೇ ಹೆಂಗಸು ಗೊತ್ತಿದಾರಾ? ಕಾಲು ಗಟ್ಟಿ ಇರ್ಬೇಕು, ಸ್ವಭಾವ ಚೆನ್ನಾಗಿರ್ಬೇಕು. ಎರ್ಲಾನ್‌ಗೋಸ್ಕರ. ಒಂದೇ ದಿನಕ್ಕೆ."

ಆ ಕಡೆಯಿಂದ ಅತ್ತೆ ಅಳುವ ಸದ್ದು ಕೇಳಿಸಿತು.

"ಅಂತೂ ನೆನಪಾಯ್ತಲ್ಲಪ್ಪಾ! ನಿಮ್ಮಪ್ಪ ಇದ್ದಿದ್ರೆ ಎಷ್ಟು ಸಂತೋಷ ಪಡೋನು! ನೀನು ಯಾರನ್ನೂ ಹುಡುಕ್ಬೇಡ. ಎಲ್ಲಾ ನನಗೆ ಬಿಡು."

ಅತ್ತೆ ಏನು ತಿಳಿದುಕೊಂಡರು ಎಂಬುದನ್ನು ಇಲ್ಲೇ ಹೇಳಿಬಿಡುವುದು ಮೇಲು. ಕಿರ್ಗಿಜರಲ್ಲಿ ಮಗು ಹೆಜ್ಜೆಯಿಡುವ ಕಾಲಕ್ಕೆ ಅದರ ಎರಡು ಕಾಲಿಗೂ ಸೇರಿಸಿ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟುತ್ತಾರೆ. ದೂರದಿಂದ ಮಕ್ಕಳನ್ನು ಓಡಿಸುತ್ತಾರೆ. ಮೊದಲು ಬಂದವರು ದಾರ ಕತ್ತರಿಸಬೇಕು. ಕತ್ತರಿಸಿದವರ ಕಾಲಿನ ಗಟ್ಟಿತನ, ಸ್ವಭಾವ ಎರಡೂ ಮಗುವಿಗೆ ಬರುತ್ತವೆಂದು ನಂಬಿಕೆ. ಸೈಕಾಲ್ ನಡೆಯುವ ಕಾಲದಲ್ಲಿ ಎಸೆನ್‌ಕುಲ್ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಶಾಸ್ತ್ರ ಮಾಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಆ ಸಿಟ್ಟನ್ನು ಅತ್ತೆ ಇಷ್ಟು ವರ್ಷವೂ ಆರದಂತೆ ಕಾಪಾಡಿಕೊಂಡು ಬಂದಿದ್ದರು. ಈಗ ಅಣ್ಣನ ಮಗ ತಾನಾಗಿಯೇ ಫೋನು ಮಾಡಿ, ಹೆಜ್ಜೆಯಿಡುವ ಮಗುವಿಗೆ ಗಟ್ಟಿ ಕಾಲಿನ, ಒಳ್ಳೆ ಸ್ವಭಾವದವರು ಒಂದು ದಿನದ ಮಟ್ಟಿಗೆ ಬೇಕು ಅಂದರೆ ಬೇರೆ ಯಾವ ಅರ್ಥ ಬಂದೀತು?

ಎಸೆನ್‌ಕುಲ್ ಮಾತ್ರ ಫೋನು ಇಟ್ಟು ಅಂಗೈ ಉಜ್ಜಿಕೊಂಡ. "ಆಯಾ ವ್ಯವಸ್ಥೆ ಆಯ್ತು," ಎಂದು ಅನಾರಾಳಿಗೆ ಹೇಳಿದ. "ಅತ್ತೆಗೆ ಗೊತ್ತಿರೋರು. ತುಂಬ ಒಳ್ಳೇವ್ರು."

ಶನಿವಾರ ಬೆಳಿಗ್ಗೆ ಬೆಟ್ಟದ ಮೇಲೆ ಒಂದೂ ಮೋಡವಿರಲಿಲ್ಲ. ರಾತ್ರಿ ಬಿದ್ದ ಹೊಸ ಹಿಮವನ್ನು ಇನ್ನೂ ಯಾರೂ ತುಳಿದಿರಲಿಲ್ಲ. ತಂಗುಮನೆಯ ಮೆಟ್ಟಿಲ ಮೇಲೆ ಕೂತು ಅನಾರಾ ಬೂಟಿನ ಕೊಂಡಿ ಬಿಗಿಯುತ್ತಿದ್ದಳು. ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ತಂತಿಯ ತೂಗುಕುರ್ಚಿಗಳು ಒಂದರ ಹಿಂದೊಂದು ಖಾಲಿಯಾಗಿ ಮೇಲಕ್ಕೆ ಹೋಗುತ್ತಿದ್ದವು. ಅವಳು ಒಂದು ಬೂಟು ಹಾಕಿಕೊಳ್ಳುವುದು, ತಲೆ ಎತ್ತಿ ಬೆಟ್ಟ ನೋಡುವುದು, ತನ್ನಷ್ಟಕ್ಕೆ ನಗುವುದು. ಪಕ್ಕದಲ್ಲಿ ಎರ್ಲಾನನನ್ನು ಎತ್ತಿಕೊಂಡು, ಸೈಕಾಲಳ ಕೈ ಹಿಡಿದು ನಿಂತಿದ್ದ ಎಸೆನ್‌ಕುಲ್‌ಗೆ ತಾನು ಭಾರಿ ಗಂಡಸು ಅನಿಸಿತು.

ಆಗ ರೈಸಾ ಪೆತ್ರೋವ್ನಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದರು.

"ನಿಮ್ಮ ಆಯಾ ಎಲ್ಲಿ?"

"ಈಗ ಬರ್ತಾಳೆ."

ಬಂದದ್ದು ಒಂದು ವ್ಯಾನು. ಅದರ ಹಿಂದೆ ಇನ್ನೊಂದು ವ್ಯಾನು. ಬಾಗಿಲು ತೆರೆದು ಮೊದಲು ಇಳಿದದ್ದು ಚಹಾದ ನೀರು ಕಾಯಿಸುವ ದೊಡ್ಡ ಸಮೋವಾರ್. ಅದರ ಹಿಂದೆ ಉಲ್ಕಾನತ್ತೆ. ಆಮೇಲೆ ಅತ್ತೆಯ ಗಂಡ ಮುಕಾಶ್ ಮಾವ, ತಲೆಯ ಮೇಲೆ ಬಿಳಿ ಉಣ್ಣೆಯ ಎತ್ತರದ ಟೋಪಿ. ಅತ್ತೆಯ ಹೆಣ್ಣುಮಕ್ಕಳು, ಸೊಸೆಯರು, ಸೊಸೆಯರ ಅಕ್ಕಂದಿರು. ಮಾಂಸದ ಹಂಡೆ ಹೊತ್ತ ಇಬ್ಬರು, ಬೋರ್ಸೋಕ್ ಎಂಬ ಕರಿದ ಹಿಟ್ಟಿನ ಉಂಡೆಗಳ ಮೂಟೆ ಹೊತ್ತ ಒಬ್ಬ. ಕೊನೆಗೆ, ಚೀಲ ಮಗುಚಿದರೆ ಆಲೂಗಡ್ಡೆ ಉರುಳುವಂತೆ, ಮಕ್ಕಳು.

"ಮದುವೆಗೆ ನಾನು ಜಾಗ ಕೊಟ್ಟಿಲ್ಲ," ಅಂದರು ರೈಸಾ ಪೆತ್ರೋವ್ನಾ.

"ಮದುವೆ ಅಲ್ಲ ತಾಯಿ, ನಮ್ಮ ಮಗು ನಡೀತಾನೆ!" ಅತ್ತೆ ಅವರನ್ನೂ ತಬ್ಬಿಕೊಂಡು ಎರಡು ಕೆನ್ನೆಗೂ ಮುತ್ತು ಕೊಟ್ಟರು. ಅಷ್ಟು ಕಟ್ಟುನಿಟ್ಟಿನ ಹೆಂಗಸು ಆ ಮುತ್ತಿಗೆ ಪೂರಾ ಸಿದ್ಧವಾಗಿರಲಿಲ್ಲ. ದಾರಿ ಬಿಟ್ಟು ನಿಂತರು.

ಅನಾರಾ ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಇವರಲ್ಲಿ ಆಯಾ ಯಾರು?"

"ನಾನು ಕೇಳಿದ್ದು ಒಬ್ಬಳೇ ಕಣೆ."

"ಏನಂತ ಕೇಳ್ದೆ?"

ಎಸೆನ್‌ಕುಲ್ ಹೇಳಿದ. ಕೇಳಿದಂತೆಲ್ಲ ಅನಾರಾಳ ಮುಖದಿಂದ ನಗು ಇಳಿಯಿತು. ಗಟ್ಟಿ ಕಾಲು, ಒಳ್ಳೆ ಸ್ವಭಾವ ಎಂಬುದನ್ನು ಸ್ವತಃ ತನ್ನ ಬಾಯಿಂದ ಎರಡನೇ ಸಲ ಕೇಳಿಸಿಕೊಂಡಾಗ ಎಸೆನ್‌ಕುಲ್‌ಗೂ ಬೆಳಕು ಹರಿಯಿತು. ಆದರೆ ಬೆಳಕು ಹರಿದು ಏನು ಪ್ರಯೋಜನ, ಒಳಗೆ ಉಣ್ಣೆಯ ಹಾಸು ಹಾಸಿಯಾಗಿತ್ತು. ಕರಡಿಯ ಚಿತ್ರದ ಕೆಳಗೆ ಮುಕಾಶ್ ಮಾವ ಗೌರವದ ಜಾಗದಲ್ಲಿ ಕೂತು ಗಡ್ಡ ನೀವಿಕೊಳ್ಳುತ್ತಿದ್ದರು. ಪುಟ್ಟ ಕುರ್ಚಿಗಳ ಮೇಲೆ ಬೋರ್ಸೋಕ್ ರಾಶಿ ಬಿದ್ದಿತ್ತು.

"ಸೊಸೆ ಎಲ್ಲಿ?" ಅತ್ತೆಯ ದನಿ ಕೇಳಿತು. "ಬಾ ಮಗಳೇ, ಚಹಾ ಹಾಕು. ದಾರೀಲೆಲ್ಲ ಚಳಿ."

ಚಹಾ ಹಾಕುವುದು ಕರೆದವರ ಮನೆಯ ಸೊಸೆಯ ಕೆಲಸ. ಸಮೋವಾರಿನ ಮುಂದೆ ಒಮ್ಮೆ ಕೂತ ಸೊಸೆ, ನೆಂಟರು ಏಳುವವರೆಗೆ ಏಳುವಂತಿಲ್ಲ. ಕರಾಕೋಲ್‌ನ ನೆಂಟರು ಏಳುವುದೆಂದರೆ ಕತ್ತಲಾದ ಮೇಲೆ. ಅನಾರಾ ಹಾಕಿಕೊಂಡಿದ್ದ ಒಂದು ಬೂಟು ಬಿಚ್ಚಿದಳು. ಅದನ್ನು ಇನ್ನೊಂದರ ಪಕ್ಕ ಸರಿಯಾಗಿ ಜೋಡಿಸಿಟ್ಟು, ಒಳಗೆ ಹೋಗಿ ಕೂತಳು. ಅವಳು ಒಂದು ಮಾತು ಬೈದಿದ್ದರೂ ಎಸೆನ್‌ಕುಲ್‌ಗೆ ಅಷ್ಟು ನೋವಾಗುತ್ತಿರಲಿಲ್ಲ.

ಒಂದು ಸುತ್ತು ಚಹಾ ಆಯಿತು. ಎರಡನೆಯ ಸುತ್ತು ಶುರುವಾಯಿತು. ಅನಾರಾ ಬಟ್ಟಲು ತುಂಬಿಸುವುದು, ಕೈ ದಾಟಿಸುವುದು, ನಡುವೆ ಕಿಟಕಿಯ ಕಡೆ ಒಮ್ಮೆ ನೋಡುವುದು. ಹೊರಗೆ ಹೊಸ ಹಿಮದ ಮೇಲೆ ಬೇರೆ ಯಾರೋ ಮೊದಲ ಗೆರೆ ಎಳೆದುಕೊಂಡು ಇಳಿದುಹೋದರು. ಎಸೆನ್‌ಕುಲ್ ಅತ್ತೆಯ ಪಕ್ಕಕ್ಕೆ ಸರಿದು ಕೂತ.

"ಅತ್ತೆ, ಅನಾರಾ ಸ್ವಲ್ಪ ಮೇಲಕ್ಕೆ ಹೋಗ್ಬೇಕಿತ್ತು."

"ಎಲ್ಲಿಗೆ?"

"ಬೆಟ್ಟದ ಮೇಲಕ್ಕೆ."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಏನಾದ್ರೂ ತರ್ಬೇಕಾ?"

"ಏನೂ ಇಲ್ಲ."

"ಮತ್ತೆ ಯಾಕೆ ಹೋಗೋದು?"

"ಇಳಿಯೋದಕ್ಕೆ ಅತ್ತೆ."

ಉಲ್ಕಾನತ್ತೆ ಅವನ ಹಣೆ ಮುಟ್ಟಿ ನೋಡಿದರು. "ಕೆಳಗೇ ಇದಾಳಲ್ಲೋ, ಇನ್ನೆಲ್ಲಿಗೆ ಇಳೀತಾಳೆ?" ಅಂದು, ಪಕ್ಕದವಳಿಗೆ, "ಪಾಪ, ಪಟ್ಟಣದಲ್ಲಿ ನೀರಿನ ಕಚೇರಿ ಕೆಲಸ, ತಲೆಗೆ ತಂಡಿ ಹಿಡಿದಿರ್ಬೇಕು," ಅಂದರು.

ಕೆಲವು ಮನುಷ್ಯರು ಬದುಕಿನಲ್ಲಿ ಒಮ್ಮೆ ಮಾತ್ರ ವೀರರಾಗುತ್ತಾರೆ, ಅದೂ ತಯಾರಿಯಿಲ್ಲದೆ. ಎಸೆನ್‌ಕುಲ್ ಎದ್ದ. ಎಲ್ಲರ ಕಾಲು ದಾಟಿಕೊಂಡು ಸಮೋವಾರಿನ ಹತ್ತಿರ ಹೋದ.

"ಅನಾರಾ, ಏಳು. ಹೋಗಿ ಬೂಟು ಹಾಕ್ಕೋ. ಚಹಾ ನಾನು ಹಾಕ್ತೀನಿ."

ಕೋಣೆಯಲ್ಲಿ ಬೋರ್ಸೋಕ್ ಅಗಿಯುವ ಸದ್ದು ಕೂಡ ನಿಂತಿತು. ಹೆಂಡತಿ ಗಟ್ಟಿಮುಟ್ಟಾಗಿ ಕೂತಿರುವಾಗ ಗಂಡಸು ಚಹಾ ಹಾಕುವುದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅನಾರಾ ಅವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಎದ್ದು ಹೊರಗೆ ಹೋದಳು. ಎಸೆನ್‌ಕುಲ್ ಅವಳ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವಳ ಬದಲಿಗೆ ಕೂತವನು ಕೈ ಬಿಗಿ ಮಾಡಬಾರದು, ನೆಂಟರಿಗೆ ಒಂದಿಷ್ಟೂ ಕಡಿಮೆ ಅನಿಸಬಾರದು ಎಂಬ ಉದಾರ ಬುದ್ಧಿಯಿಂದ ಬಟ್ಟಲುಗಳನ್ನು ಅಂಚಿನವರೆಗೆ ತುಂಬಿಸಿ ತುಂಬಿಸಿ ದಾಟಿಸಿದ.

ಕಿರ್ಗಿಜರ ಮನೆಯಲ್ಲಿ ಅರ್ಧ ಬಟ್ಟಲು ಚಹಾ ಕೊಟ್ಟರೆ ಇನ್ನೂ ಕೂತಿರಿ, ಮತ್ತೆ ಹಾಕುತ್ತೇವೆ ಎಂದರ್ಥ. ತುಂಬಿದ ಬಟ್ಟಲು ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ಎಸೆನ್‌ಕುಲ್‌ಗೆ ಇದು ತಿಳಿಯದ್ದೇನಲ್ಲ. ಹುಟ್ಟಿದಾಗಿನಿಂದ ಅರ್ಧ ಬಟ್ಟಲನ್ನೇ ಕುಡಿದು ಬೆಳೆದವನು. ಆದರೆ ಕುಡಿಯುವ ಬಾಯಿಗೆ ತಿಳಿದದ್ದು ಹಾಕುವ ಕೈಗೆ ತಿಳಿದಿರಬೇಕಲ್ಲ.

ಮುಕಾಶ್ ಮಾವ ತಮ್ಮ ಬಟ್ಟಲನ್ನು ನೋಡಿದರು. ಚಹಾ ಅಂಚಿನಲ್ಲಿ ತುಳುಕುತ್ತಿತ್ತು. ಅವರು ಅದನ್ನು ಮೆಲ್ಲಗೆ ಕೆಳಗಿಟ್ಟು ಟೋಪಿ ಸರಿಮಾಡಿಕೊಂಡರು.

"ಆಯ್ತಪ್ಪ. ಬಂದ್ವಿ, ನೋಡಿದ್ವಿ, ಚಹಾನೂ ಕೊಟ್ರಿ. ದೊಡ್ಡ ಊರಿನವರು, ನಿಮಗೂ ನೂರು ಕೆಲಸ ಇರುತ್ತೆ."

ಅವರು ಎದ್ದದ್ದೇ ಎಲ್ಲರೂ ಎದ್ದರು. ಒಬ್ಬರೂ ಜಗಳ ಆಡಲಿಲ್ಲ. ಜಗಳವಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಎಲ್ಲರೂ ತುಂಬ ಮರ್ಯಾದೆಯಿಂದ ಶಾಲು ಹೊದ್ದುಕೊಂಡರು. ಹಂಡೆಯ ಮುಚ್ಚಳ ಮುಚ್ಚಿತು. ಹೊರಗೆ ವ್ಯಾನಿನ ಎಂಜಿನ್ ಶುರುವಾದ ಸದ್ದು ಬಂತು. ಎಸೆನ್‌ಕುಲ್ ಕೆಟಲು ಹಿಡಿದುಕೊಂಡು, "ಕೂತ್ಕೊಳ್ಳಿ ಮಾವ, ಇನ್ನೊಂದು ಬಟ್ಟಲು, ಇನ್ನೊಂದೇ ಬಟ್ಟಲು," ಎಂದು ಇನ್ನೂ ನಾಲ್ಕು ಬಟ್ಟಲುಗಳನ್ನು ಅಂಚಿನವರೆಗೆ ತುಂಬಿಸಿದ.

ಅಷ್ಟರಲ್ಲಿ ಮರದ ನೆಲದ ಮೇಲೆ ದಡ್ ದಡ್ ಎಂದು ಸದ್ದು ಮಾಡುತ್ತಾ ಅನಾರಾ ಒಳಗೆ ಬಂದಳು. ಎರಡೂ ಕಾಲಿಗೆ ಬೂಟಿದ್ದವು. ಒಂದು ನೋಟಕ್ಕೆ ಅವಳಿಗೆ ಎಲ್ಲ ಅರ್ಥವಾಯಿತು.

"ಅಯ್ಯೋ ಅತ್ತೆ, ಇವನಿಗೆ ಚಹಾ ಹಾಕೋದು ಬರಲ್ಲ, ಅಷ್ಟೇ! ನೀವೆಲ್ಲ ಹೋಗ್ಬೇಕು ಅಂತ ಅಲ್ಲ. ಕೂತ್ಕೊಳ್ಳಿ, ನಾನೇ ಹಾಕ್ತೀನಿ."

"ನೀನು ಯಾಕೆ ಕಾಲಿಗೆ ಬಾಣಲೆ ಹಾಕ್ಕೊಂಡಿದೀಯಾ?" ಅತ್ತೆ ಅವಳ ಬೂಟಿಗೆ ಬೆರಳು ತೋರಿಸಿದರು. "ಎಲ್ಲಿಗೆ ಹೊರಟಿದ್ದೆ? ಈ ಸಲ ನೀನು ಹೇಳು. ಇವನ ಬಾಯಲ್ಲಿ ಕೇಳಿದ್ರೆ ನನಗೇ ತಲೆ ಕೆಡುತ್ತೆ."

ಅನಾರಾ ಹೇಳಿದಳು. ಸುತ್ತುಬಳಸದೆ ಹೇಳಿದಳು. ಸೈಕಾಲ್ ಹುಟ್ಟಿದ ಮೇಲೆ ತಾನು ಒಬ್ಬಳೇ ಗೇಟಿನವರೆಗೂ ನಡೆದಿಲ್ಲವೆಂದಳು. ಬೆಟ್ಟದಿಂದ ಜಾರಿ ಇಳಿಯುವಾಗ ಕಿವಿಯಲ್ಲಿ ಗಾಳಿ ಬಿಟ್ಟು ಇನ್ನೇನೂ ಇರುವುದಿಲ್ಲ, ಅದನ್ನು ಕನಸಿನಲ್ಲಿ ಕೇಳಿ ಎಚ್ಚರವಾಗುತ್ತದೆಂದಳು. "ಒಂದು ದಿನ ಕೊಡಿಸ್ತೀನಿ ಅಂದಿದ್ದ ಅತ್ತೆ. ಮಕ್ಕಳನ್ನ ನೋಡ್ಕೊಳ್ಳೋಕೆ ಆಯಾ ಗೊತ್ತು ಮಾಡ್ತೀನಿ ಅಂದಿದ್ದ. ನಿಮ್ಮನ್ನ ಕೇಳಿದ್ದೂ ಅದನ್ನೇ."

"ಆಯಾ?" ಅಂದರು ಉಲ್ಕಾನತ್ತೆ.

ಎಸೆನ್‌ಕುಲ್ ಕೆಟಲಿನ ಹಿಂದೆ ಮರೆಯಾಗಲು ನೋಡಿದ. ಕೆಟಲು ಚಿಕ್ಕದು.

"ಸಂಬಳದ ಆಯಾ? ನನ್ನ ಅಣ್ಣನ ಮೊಮ್ಮಗನಿಗೆ? ನಾವೆಲ್ಲ ಸತ್ತು ಹೋಗಿದೀವೇನೋ? ನನಗೆ ಕೈಯಿಲ್ವಾ? ಇವಳಿಗೆ ಕೈಯಿಲ್ವಾ? ಇಕೋ, ಇವಳು ಆರು ಹೆತ್ತಿದಾಳೆ, ಇವಳಿಗೆ ಮಗು ಹಿಡಿಯೋಕೆ ಬರಲ್ವಾ?" ಅತ್ತೆ ಒಬ್ಬೊಬ್ಬರನ್ನೇ ಎಳೆದು ಎಳೆದು ತೋರಿಸಿದರು. ಎಳೆಸಿಕೊಂಡವರೆಲ್ಲ ಅವಮಾನದಿಂದ ತೋಳೇರಿಸಿ ಸಿದ್ಧರಾದರು. ಒಬ್ಬಳು ಎರ್ಲಾನನನ್ನು ಎತ್ತಿಕೊಂಡಳು. ಇನ್ನೊಬ್ಬಳು ಅವಳಿಂದ ಕಸಿದುಕೊಂಡಳು. ಸೈಕಾಲಳ ಮೂಗನ್ನು ಏಕಕಾಲದಲ್ಲಿ ಮೂರು ಕರವಸ್ತ್ರಗಳು ಒರೆಸಿದವು. ಹೊರಗೆ ಹೊರಟಿದ್ದವರೆಲ್ಲ ಹಿಂದಕ್ಕೆ ಬಂದು ಹಾಸಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತರು. ಈಗ ಅವರನ್ನು ಎಬ್ಬಿಸಲು ಹಂಡೆಗಟ್ಟಲೆ ಚಹಾ ಹಾಕಿದರೂ ಆಗುತ್ತಿರಲಿಲ್ಲ.

ಮುಕಾಶ್ ಮಾವ ಮಾತ್ರ ನಿಂತೇ ಇದ್ದರು. "ಸೊಸೆ ಹೋದ್ರೆ ಚಹಾ?" ಎಂದು ಮೆಲ್ಲಗೆ ಕೇಳಿದರು.

"ನಿಮಗೆ ಚಹಾ ನಾನು ಹಾಕ್ತೀನಿ, ಕೂತ್ಕೊಳ್ಳಿ ಸಾಕು. ಇಷ್ಟು ವರ್ಷ ಯಾರು ಹಾಕಿದ್ದು?" ಅತ್ತೆ ಅನಾರಾಳ ಕಡೆ ತಿರುಗಿದರು. ದನಿ ಸ್ವಲ್ಪ ತಗ್ಗಿತು. "ಇಲ್ಲಿ ಕಾಲು ಕಟ್ಟಿಸ್ಕೊಂಡಿರೋನು ಎರ್ಲಾನ್ ಒಬ್ಬನೇ ಅಂತ ನಾನು ತಿಳ್ಕೊಂಡಿದ್ದೆ ಮಗಳೇ. ಹೋಗು. ಮಧ್ಯಾಹ್ನ ಓಟ ಶುರು ಮಾಡ್ತೀವಿ, ಅಷ್ಟೊತ್ತಿಗೆ ಬಾ. ಬರೋಕೆ ಮನಸ್ಸಿಲ್ದಿದ್ರೆ ಬರ್ಬೇಡ."

ಅನಾರಾ ಅತ್ತೆಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ದಡ್ ದಡ್ ಎಂದು ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಇಡೀ ತಪ್ಪಲಿಗೆ ಸುದ್ದಿ ಹಬ್ಬಿತ್ತು. ಸ್ಕೀ ಮಾಡಲು ಬಂದಿದ್ದ ಅಪರಿಚಿತರೂ ಬೋರ್ಸೋಕ್ ತಿನ್ನುತ್ತಾ ಸಾಲಾಗಿ ನಿಂತರು. ರೈಸಾ ಪೆತ್ರೋವ್ನಾ ತಾವೇ ಸೀಟಿ ತಂದು, ಇಷ್ಟು ಜನ ಸೇರುವ ಕಡೆ ಶಿಸ್ತು ಇರಬೇಕೆಂದು ಓಟದ ತೀರ್ಪುಗಾರರಾದರು. ಇಳಿಜಾರಿನ ಬುಡದಲ್ಲಿ ಎಸೆನ್‌ಕುಲ್ ಎರ್ಲಾನನನ್ನು ಕಂಕುಳ ಕೆಳಗೆ ಕೈಕೊಟ್ಟು ನಿಲ್ಲಿಸಿಕೊಂಡಿದ್ದ. ಮಗುವಿನ ಕಾಲಿಗೆ ಅತ್ತೆ ಹೊಸೆದು ತಂದ ಕಪ್ಪು ಬಿಳಿ ದಾರ. ಅತ್ತೆಯ ಕೈಯಲ್ಲಿ ಚಾಕು. ಮೇಲೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಕ್ಕಳ ಸಾಲು. ಅವರ ನಡುವೆ ಸೈಕಾಲ್. ಅನಾರಾ ಇನ್ನೂ ಬಂದಿರಲಿಲ್ಲ.

ಸೀಟಿ ಕೂಗಿತು. ಮಕ್ಕಳು ಓಡಿದರು ಎಂದು ಹೇಳುವುದು ವಾಡಿಕೆ. ನಿಜ ಹೇಳಬೇಕೆಂದರೆ ಒಂದು ಹೆಜ್ಜೆ ಓಡಿ ಎರಡನೆಯ ಹೆಜ್ಜೆಗೆ ಮೊಣಕಾಲಿನವರೆಗೆ ಹಿಮದಲ್ಲಿ ಹೂತುಕೊಂಡರು. ಮುಂದಿದ್ದವನು ಬಿದ್ದ. ಹಿಂದಿದ್ದವನು ಅವನ ಮೇಲೆ ಬಿದ್ದ. ಮುಕಾಶ್ ಮಾವನ ಮೊಮ್ಮಗ ಉರುಳಿಕೊಂಡೇ ಬರುವುದು ಲೇಸೆಂದು ತೀರ್ಮಾನಿಸಿ, ಉರುಳಿ, ದಿಕ್ಕು ತಪ್ಪಿ ಮಾಂಸದ ಹಂಡೆಗೆ ಹೋಗಿ ಗುದ್ದಿದ. ಸೈಕಾಲಳ ಒಂದು ಬೂಟು ಹಿಮದಲ್ಲೇ ಉಳಿಯಿತು. ಅವಳು ಒಂದೇ ಬೂಟಿನಲ್ಲಿ ಅಳುತ್ತಾ ಓಡುತ್ತಾ ಬಂದಳು.

ಆಗ ತೀರಾ ಮೇಲೆ, ಬೆಟ್ಟದ ಅಂಚಿನಲ್ಲಿ ಒಂದು ಚುಕ್ಕೆ ಕಾಣಿಸಿತು.

ಅನಾರಾ ಹೊತ್ತು ಮರೆತಿದ್ದಳು. ಕೆಳಗೆ ಜನ ಸೇರಿದ್ದು ಕಂಡಾಗ ಗಾಬರಿಯಾಗಿ, ಮೈ ಬಗ್ಗಿಸಿ ನೇರ ಇಳಿದಳು. ಹಿಂದೆ ಹಿಮದ ಪುಡಿ ಏಳುತ್ತಿತ್ತು. ಜನ ಕೂಗುವುದನ್ನು ನಿಲ್ಲಿಸಿದರು. ಬಿದ್ದ ಮಕ್ಕಳನ್ನು ಎಡಕ್ಕೆ ಬಲಕ್ಕೆ ತಪ್ಪಿಸಿಕೊಂಡು, ಒಬ್ಬರಿಗೂ ಗಾಳಿ ಕೂಡ ಸೋಕದಂತೆ ನಡುವೆ ಹರಿದು ಬಂದು, ಎರ್ಲಾನನ ಮುಂದೆ ಅಡ್ಡಲಾಗಿ ನಿಂತಳು. ಅವಳು ಎಬ್ಬಿಸಿದ ಹಿಮವೆಲ್ಲ ಎಸೆನ್‌ಕುಲ್‌ನ ಮುಖಕ್ಕೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ. ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದ.

"ಮೊದಲು ಬಂದವರು ಇವರು," ಅಂದರು ರೈಸಾ ಪೆತ್ರೋವ್ನಾ, ಸೀಟಿ ಊದಿ.

"ಅದು ಹೇಗಾಗುತ್ತೆ?" ಮುಕಾಶ್ ಮಾವ ಮುಂದೆ ಬಂದರು. "ತಾಯಿ ಕತ್ತರಿಸೋ ಪದ್ಧತಿ ಇಲ್ಲ. ಅಲ್ಲದೆ ಅವಳು ಹಲಗೆ ಮೇಲೆ ಬಂದಳು, ಕಾಲ ಮೇಲಲ್ಲ."

"ಹಲಗೆ ತಾನಾಗೇ ಬಂತಾ? ಅದರ ಮೇಲೆ ಇದ್ದದ್ದು ಕಾಲು ತಾನೇ?" ಅತ್ತೆ ತಿರುಗಿ ನಿಂತರು. "ಮಗುವಿಗೆ ಯಾರ ಕಾಲು ಕೊಡೋಣ ಹೇಳಿ. ಇವಳದಾ, ಇಲ್ಲ ಹಂಡೆಗೆ ಗುದ್ದಿದನಲ್ಲ, ನಿಮ್ಮ ಮೊಮ್ಮಗ, ಅವನದಾ?"

ಮುಕಾಶ್ ಮಾವ ಮೊಮ್ಮಗನನ್ನು ನೋಡಿದರು. ಅವನು ಹಂಡೆಯ ಪಕ್ಕವೇ ಕೂತು ಮೂಳೆಯೊಂದನ್ನು ಚೀಪುತ್ತಿದ್ದ. ವಾದವನ್ನು ಮುಂದುವರಿಸುವುದು ಅವರಿಗೆ ಯೋಗ್ಯವಾಗಿ ತೋರಲಿಲ್ಲ.

ಅನಾರಾ ಚಾಕು ತೆಗೆದುಕೊಂಡಳು. ಆದರೆ ಕತ್ತರಿಸುವ ಮುನ್ನ ಹಿಂದೆ ಕೈಚಾಚಿ, ಬಿಕ್ಕುತ್ತಾ ಎರಡನೆಯವಳಾಗಿ ಬಂದು ಮುಟ್ಟಿದ ಸೈಕಾಲಳನ್ನು ಹತ್ತಿರ ಎಳೆದುಕೊಂಡು ಅವಳ ಕೈಯನ್ನೂ ಹಿಡಿಯ ಮೇಲಿರಿಸಿದಳು. ಇಬ್ಬರೂ ಸೇರಿ ದಾರ ಕತ್ತರಿಸಿದರು. ಎಸೆನ್‌ಕುಲ್ ಕೈ ಸಡಿಲ ಮಾಡಿದ. ಎರ್ಲಾನ್ ಗಂಭೀರವಾಗಿ ನಿಂತು ಸುತ್ತ ಇದ್ದವರನ್ನೆಲ್ಲ ಒಮ್ಮೆ ನೋಡಿದ. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಮತ್ತೂ ಒಂದಿಟ್ಟು ರೈಸಾ ಪೆತ್ರೋವ್ನಾರ ಕಾಲನ್ನು ಅಪ್ಪಿಕೊಂಡ. ಜನ ಹೋ ಎಂದು ಕೂಗಿದರು. ಆ ಕಟ್ಟುನಿಟ್ಟಿನ ಹೆಂಗಸು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಅತ್ತುಬಿಟ್ಟರು. ಉಸಿರೆಳೆದಾಗಲೆಲ್ಲ ಅದು ಸಣ್ಣಗೆ ಕೂಗುತ್ತಿತ್ತು.

ಅನಾರಾ ಬಗ್ಗಿ ಸ್ಕೀ ಬಿಚ್ಚತೊಡಗಿದಳು.

"ಏನು ಮಾಡ್ತಿದೀಯಾ?" ಅತ್ತೆ ಕೇಳಿದರು.

"ಸಾಕು ಅತ್ತೆ. ಮಗ ಇವತ್ತು ನಡೆದ. ಇನ್ನು ನಾನು ಇಲ್ಲೇ ಇರ್ತೀನಿ."

"ಹುಚ್ಚಿ. ಇಷ್ಟು ದಿನ ಇಟ್ಟ ಕಡೆ ಇರ್ತಿದ್ದ. ನಾಳೆಯಿಂದ ಇವನ ಹಿಂದೆ ಓಡೋದೇ ಕೆಲಸ ನಿನಗೆ, ಬೇಡ ಅಂದ್ರೂ ತಪ್ಪಲ್ಲ. ಇವತ್ತು ಹೋಗು." ಅತ್ತೆ ಬಗ್ಗಿ, ತಮಗೆ ಗೊತ್ತಿಲ್ಲದ ಆ ಕೊಂಡಿಯನ್ನು ತಾವೇ ಗುದ್ದಿ ಗುದ್ದಿ ಮತ್ತೆ ಹಾಕಿದರು. "ಹೋಗು ಅಂದೆನಲ್ಲ!"

ಅನಾರಾ ಹೋದಳು. ಮತ್ತೆ ಹೋದಳು, ಮತ್ತೆ ಹೋದಳು. ಕೆಳಗೆ ಮಾಂಸ ಹಂಚಿದರು, ಮುದುಕರು ಹಾಡಿದರು. ಎರ್ಲಾನ್ ತೋಳಿನಿಂದ ತೋಳಿಗೆ ದಾಟುತ್ತಾ, ನಡುನಡುವೆ ನೆಲ ಮುಟ್ಟಿದಾಗ ನಡೆಯುತ್ತಾ, ಯಾರಿಗೂ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಸಿಗಲಿಲ್ಲ. ಇಂಥ ಆಯಾ ವ್ಯವಸ್ಥೆಯನ್ನು ಯಾವ ದೇಶದ ಯಾವ ಬೆಟ್ಟದಲ್ಲೂ ಗೊತ್ತುಮಾಡಲು ಸಾಧ್ಯವಿಲ್ಲವೆಂದು ಎಸೆನ್‌ಕುಲ್‌ಗೆ ಖಚಿತವಾಯಿತು. ಅವನ ಎದೆ ತುಂಬಿ ಬಂದಿತ್ತು. ಯಾರಿಗೆ ಹೇಳಬೇಕೆಂದು ತಿಳಿಯದೆ ಎದುರು ಸಿಕ್ಕವರಿಗೆಲ್ಲ ಉಪಕಾರವಾಯಿತು ಎಂದ. ಮಾವನಿಗೆ ಹೇಳಿದ, ಸೊಸೆಯರಿಗೆ ಹೇಳಿದ, ವ್ಯಾನಿನ ಚಾಲಕರಿಗೆ ಹೇಳಿದ. ತೂಗುಕುರ್ಚಿ ನಡೆಸುವವನು, "ನಾನೇನು ಮಾಡ್ದೆ?" ಎಂದು ಹೆದರಿಕೊಂಡ.

ಸಂಜೆಯ ಬಿಸಿಲು ಬೆಟ್ಟದ ತುದಿಗೆ ಏರಿದಾಗ ತೂಗುಕುರ್ಚಿ ನಿಂತಿತು. ಅನಾರಾ ಕೊನೆಯ ಸಲ ನಿಧಾನವಾಗಿ, ಅಗಲ ಅಗಲ ತಿರುವು ಹಾಕಿಕೊಂಡು ಇಳಿದು ಬಂದಳು. ಅವಳ ಮುಖ ಗಾಳಿಗೆ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿತ್ತು. ಅತ್ತೆಯ ತೋಳಿನಿಂದ ಮಗನನ್ನು ಎತ್ತಿಕೊಂಡು ಅವನ ಕುತ್ತಿಗೆಗೆ ಮುಖ ಒತ್ತಿದಳು.

"ಅತ್ತೆ, ಒಂದು ಮಾತು ಹೇಳ್ತೀನಿ, ಬೈಬೇಡಿ. ಮಧ್ಯಾಹ್ನದಿಂದ ಇಲ್ಲೀವರೆಗೂ ನಾನು ಇವನನ್ನ ಒಂದು ಸಲಾನೂ ನೆನೆಸ್ಕೊಳ್ಳಲಿಲ್ಲ. ಒಂದೇ ಒಂದು ಸಲಾನೂ. ಎರಡು ಮಕ್ಕಳಿದಾರೆ ಅನ್ನೋದೇ ಮರೆತುಹೋಗಿತ್ತು." ಅವಳು ನಗುತ್ತಿದ್ದಳು, ಕಣ್ಣೀರು ಹರಿಯುತ್ತಲೇ ಇತ್ತು. "ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ."

ಉಲ್ಕಾನತ್ತೆ ಶಾಲಿನ ಚುಂಗಿನಿಂದ ಅವಳ ಕೆನ್ನೆ ಒರೆಸಿದರು.

"ಮತ್ತೆ? ಅದಕ್ಕೇ ಅಲ್ವೇನೇ ನಾವು ಇಷ್ಟು ಜನ ಬಂದದ್ದು?"

ಎಸೆನ್‌ಕುಲ್ ಏನೋ ತಿದ್ದುವುದಕ್ಕೆಂದು ಬಾಯಿ ತೆರೆದ. ತೆರೆದ ಮೇಲೆ ಯೋಚಿಸಿ, ಜನ್ಮದಲ್ಲಿ ಮೊದಲ ಸಲ, ಹಾಗೆಯೇ ಮುಚ್ಚಿಕೊಂಡ.